ಹಳೆಯ ಕಮಾರೊಗೆ ದೊಡ್ಡ ಕಾರ್ಬ್ಯುರೇಟರ್ ಯಾಕೆ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದ ಹಳೆಯ ಮಸಲ್ ಕಾರುಗಳ ಬಗ್ಗೆ ನಿಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು, ಚಿತ್ರಗಳಂತೂ ಇನ್ನೂ ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಚೌಕಟ್ಟು ಹಾಕಿ ಕೊಟ್ಟ ಶಕ್ತಿ ಹೆಚ್ಚಿಸುವ ಸಲಹೆಗಳನ್ನು ನಂಬಿ ಯಾರಾದರೂ ದುಡ್ಡು ಸುರಿದರೆ ಅವರ ಗಾಡಿ ಮೊದಲಿಗಿಂತ ನಿಧಾನವಾದೀತು. 850 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ, ಸಿಗುವುದರಲ್ಲೇ ದೊಡ್ಡ ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ದಂಡ), ಆಮೇಲೆ ಸದ್ದು ಮಾಡುವ ಸೈಲೆನ್ಸರ್ ಎಂಬ ಆ ಕ್ರಮ ಪೂರ್ತಿ ತಲೆಕೆಳಗು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಮಿಷಿಗನ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಶೆವರ್ಲೆಯ ಹಳೆಯ ಕಮಾರೊ, ನೋವಾ ಕಾರು ಕೊಂಡು ಶನಿವಾರ-ಭಾನುವಾರ ಬಾನೆಟ್ ಎತ್ತಿ ನಿಲ್ಲುವವರಿದ್ದಾರೆ. ಅವರ ಹಣ ಉಳಿಯಲಿ ಎಂದು ಈ ಪತ್ರ.

ಮಾತು ಗಾಳಿಯಲ್ಲಿ ತೇಲದಿರಲು ಒಂದೇ ಎಂಜಿನ್ ಹಿಡಿದು ಹೇಳುತ್ತೇನೆ: ಶೆವರ್ಲೆಯ 350 ಘನ ಇಂಚಿನ ವಿ8, ಅಂದರೆ 5.7 ಲೀಟರ್. 1967ರ ಕಮಾರೊದಲ್ಲಿ ಮೊದಲು ಬಂತು. ಬೋರ್ (ಸಿಲಿಂಡರಿನ ಅಗಲ) 4.00 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.48 ಇಂಚು. 1970ರ ಕಾರ್ವೆಟ್‌ನ ಎಲ್‌ಟಿ-1 ರೂಪದಲ್ಲಿ ಇದಕ್ಕೆ 11:1 ಕಂಪ್ರೆಶನ್ (ಪಿಸ್ಟನ್ ಮಿಶ್ರಣವನ್ನು ಅದುಮುವ ಅನುಪಾತ), 370 ಅಶ್ವಶಕ್ತಿ. 1975ರ ಸಾಮಾನ್ಯ ಕಾರ್ವೆಟ್‌ನಲ್ಲಿ ಇದೇ 350ಕ್ಕೆ ಬರೀ 165. ಇಷ್ಟು ಕುಸಿತವನ್ನು ನಿಮ್ಮ ಲೇಖನ ಮಾಲಿನ್ಯ ನಿಯಮಗಳ ತಲೆಗೆ ಕಟ್ಟಿದೆ. ಅದು ಅರ್ಧ ಸತ್ಯ. 1971ರಲ್ಲಿ ಜನರಲ್ ಮೋಟರ್ಸ್ ಕಡಿಮೆ ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣ) ಪೆಟ್ರೋಲಿಗಾಗಿ ಕಂಪ್ರೆಶನ್ ಇಳಿಸಿತು, ನಿಜ. ಆದರೆ 1972ರಿಂದ ಅಳೆಯುವ ಕ್ರಮವೇ ಬದಲಾಯಿತು. ಅದಕ್ಕೆ ಮುಂಚೆ ಏರ್ ಕ್ಲೀನರ್, ಕಾರಿನ ಸೈಲೆನ್ಸರ್ ಇವೆಲ್ಲ ಇಲ್ಲದೆ ಬೆಂಚಿನ ಮೇಲೆ ಓಡಿಸಿ 'ಗ್ರಾಸ್' ಲೆಕ್ಕ ಕೊಡುತ್ತಿದ್ದರು, ಆಮೇಲೆ ಎಲ್ಲವನ್ನೂ ಜೋಡಿಸಿ 'ನೆಟ್' ಲೆಕ್ಕ. ಆದ್ದರಿಂದ 370ನ್ನೂ 165ನ್ನೂ ಅಕ್ಕಪಕ್ಕ ಇಟ್ಟು ನೋಡುವುದೇ ತಪ್ಪು. ಬಿಡಿಭಾಗದ ಡಬ್ಬಿಯ ಮೇಲೆ ಅಚ್ಚಾದ '+40 ಅಶ್ವಶಕ್ತಿ'ಯನ್ನೂ ಇದೇ ಅನುಮಾನದಿಂದ ನೋಡಬೇಕು. ಅದು ಯಾವ ಎಂಜಿನ್ ಮೇಲೆ, ಎಷ್ಟು ಆರ್‌ಪಿಎಂನಲ್ಲಿ ಅಳೆದದ್ದು ಎಂಬುದನ್ನು ಡಬ್ಬಿ ಹೇಳುವುದಿಲ್ಲ.

ಯಾವ ಭಾಗ ಕೊಳ್ಳುವುದಕ್ಕೂ ಮುಂಚೆ ಎಂಜಿನ್ನಿನ ಆರೋಗ್ಯ ನೋಡಿ. ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಒಂದೊಂದು ಸಿಲಿಂಡರಿಗೂ ನಾಲ್ಕೈದು ಸುತ್ತು ಕ್ರ್ಯಾಂಕ್ ಮಾಡಿ ಕಂಪ್ರೆಶನ್ ಗೇಜ್ ಓದಿ. ಸುಮಾರು 150 ಪಿಎಸ್‌ಐ ಬಂದು, ಅತಿ ಹೆಚ್ಚಿಗೂ ಅತಿ ಕಡಿಮೆಗೂ ನಡುವೆ 10-15 ಶೇಕಡಾಕ್ಕಿಂತ ಹೆಚ್ಚು ಅಂತರವಿಲ್ಲದಿದ್ದರೆ ಮುಂದುವರಿಯಬಹುದು. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಲೀಕ್‌ಡೌನ್ ಪರೀಕ್ಷೆಯಲ್ಲಿ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವುದು) ರಿಂಗ್ ಕಡೆಯಿಂದ ಸೋರಿಕೆ 20 ಶೇಕಡಾ ದಾಟಿದ ಎಂಜಿನ್ನಿಗೆ ಹೊಸ ಹೆಡ್, ಕ್ಯಾಮ್ ಹಾಕುವುದು ದುಡ್ಡಿಗೆ ದಂಡ. ಮೊದಲು ರಿಬೋರ್ (ಸವೆದ ಸಿಲಿಂಡರ್ ಕೊರೆದು ಸರಿಮಾಡುವುದು) ಆಗಲಿ.

ಎಂಜಿನ್ ಗಟ್ಟಿಯಾಗಿದೆ ಎಂದಾದರೆ ಮುಂದಿನ ಕೆಲಸ ಇಗ್ನಿಷನ್ ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ತಲುಪುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರಬೇಕೆಂಬ ಹೊಂದಿಕೆ. ಖರ್ಚು ಅತಿ ಕಡಿಮೆ, ಫಲ ಅತಿ ಬೇಗ. ನಿಮ್ಮ ಪಟ್ಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಎಪ್ಪತ್ತರ ದಶಕದ ಕಾರ್ಖಾನೆ ಸೆಟ್ಟಿಂಗ್ ಹೊಗೆ ಕಡಿಮೆ ಮಾಡಲು ಟೈಮಿಂಗನ್ನು ಬೇಕೆಂದೇ ಹಿಂದೆ ಇಟ್ಟಿತ್ತು, ಮೆಕ್ಯಾನಿಕಲ್ ಅಡ್ವಾನ್ಸ್ (ಆರ್‌ಪಿಎಂ ಏರಿದಂತೆ ಕಿಡಿ ಬೇಗ ಹಾರಿಸುವ ವ್ಯವಸ್ಥೆ) ಕೂಡ ತಡವಾಗಿ ಬರುತ್ತಿತ್ತು. ಐಡ್ಲಿಂಗ್‌ನಲ್ಲಿ 12 ಡಿಗ್ರಿ ಆಸುಪಾಸು, 2,800ರಿಂದ 3,000 ಆರ್‌ಪಿಎಂ ಒಳಗೆ ಒಟ್ಟು 34-36 ಡಿಗ್ರಿ ಬರುವಂತೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ತೂಕ ಮತ್ತು ಸ್ಪ್ರಿಂಗ್ ಬದಲಿಸಿದರೆ ಗಾಡಿಯ ಪಿಕಪ್ ಬೇರೆಯೇ ಆಗುತ್ತದೆ. ಇದನ್ನು ಅಳೆಯುವಾಗ ವ್ಯಾಕ್ಯೂಮ್ ಅಡ್ವಾನ್ಸ್ ಹೋಸ್ ಕಳಚಿ ಮುಚ್ಚಿರಬೇಕು. ಆ ಹೋಸನ್ನು ಕಾಯಂ ಕಿತ್ತು ಬಿಸಾಡುವವರಿದ್ದಾರೆ. ಬೀದಿಯ ಗಾಡಿಗೆ ಅದು ಬೇಕು. ಒಂದೇ ವೇಗದಲ್ಲಿ ಹಗುರವಾಗಿ ಹೋಗುವಾಗ ಇನ್ನೊಂದು 10-12 ಡಿಗ್ರಿ ಸೇರಿಸಿ ಮೈಲೇಜ್ ಉಳಿಸಿ ಎಂಜಿನ್ ತಣ್ಣಗಿಡುವುದು ಅದೇ.

ಇಲ್ಲಿ ಹೆಚ್ಚಿನವರು ಮುಗ್ಗರಿಸುವ ಜಾಗ ಒಂದಿದೆ. ಕಂಪನ ತಗ್ಗಿಸಲು ಕ್ರ್ಯಾಂಕಿನ ಮುಂದಿರುವ ಹಾರ್ಮೋನಿಕ್ ಬ್ಯಾಲೆನ್ಸರಿನ, ಟೈಮಿಂಗ್ ಗುರುತು ಹೊತ್ತ ಹೊರಬಳೆ ರಬ್ಬರಿನ ಮೇಲೆ ಕೂತಿರುತ್ತದೆ. ಐವತ್ತು ವರ್ಷದಲ್ಲಿ ಆ ರಬ್ಬರ್ ಸತ್ತು ಬಳೆ ಜರುಗಿದರೆ ಟೈಮಿಂಗ್ ಗುರುತೇ ಸುಳ್ಳು. ಸ್ಟ್ರೋಬ್ ಲೈಟ್‌ನಲ್ಲಿ 36 ಕಾಣುತ್ತದೆ, ಒಳಗೆ 44 ಇರುತ್ತದೆ, ಪಿಸ್ಟನ್ ತೂತಾಗುತ್ತದೆ. ಹಾಗಾಗಿ ಒಂದನೇ ಸಿಲಿಂಡರಿನ ಪ್ಲಗ್ ಜಾಗಕ್ಕೆ ಪಿಸ್ಟನ್ ಸ್ಟಾಪ್ ತಿರುಗಿಸಿ, ಕ್ರ್ಯಾಂಕನ್ನು ಕೈಯಲ್ಲಿ ಎರಡೂ ದಿಕ್ಕಿಗೆ ತಿರುಗಿಸಿ, ತಡೆದು ನಿಂತ ಎರಡು ಗುರುತುಗಳ ನಟ್ಟನಡುವೆ ನಿಜವಾದ ಸೊನ್ನೆ ಇದೆಯೇ ನೋಡಿ. ಬ್ಯಾಟರಿ ಕೇಬಲ್ ಬಿಚ್ಚಿಟ್ಟೇ ಈ ಕೆಲಸ ಮಾಡಬೇಕು.

ಇನ್ನು ಕಾರ್ಬ್ಯುರೇಟರ್. ಲೆಕ್ಕ ಹೀಗಿದೆ: ಘನ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಬೇಕು. 350 ಗುಣಿಸು 5,500, ಭಾಗಿಸು 3,456 ಅಂದರೆ 557 ಸಿಎಫ್‌ಎಂ. ಅದೂ ಸಿಲಿಂಡರ್ ನೂರಕ್ಕೆ ನೂರು ತುಂಬಿದರೆ. ಬೀದಿ ಎಂಜಿನ್ 85 ಶೇಕಡಾ ತುಂಬಿದರೆ ದೊಡ್ಡದು, ಆಗ ಬೇಕಾದದ್ದು 473. ಸ್ವಲ್ಪ ಮೇಲೆ ಹೋದರೂ 600-650 ಧಾರಾಳ. 850 ಹಾಕಿದರೆ ವೆಂಚುರಿಯಲ್ಲಿ (ಕಾರ್ಬ್ಯುರೇಟರಿನ ಕಿರಿದಾದ ಕೊರಳು) ಗಾಳಿಯ ವೇಗ ಬಿದ್ದು, ಪೆಟ್ರೋಲನ್ನು ಎಳೆಯುವ ಒತ್ತಡದ ವ್ಯತ್ಯಾಸವೇ ಸಾಲುವುದಿಲ್ಲ. ಪೆಟ್ರೋಲ್ ಮಂಜಾಗದೆ ಹನಿಯಾಗಿ ಬೀಳುತ್ತದೆ, ಸಿಗ್ನಲ್‌ನಲ್ಲಿ ರೇಸ್ ಕೊಟ್ಟ ಕೂಡಲೇ ಗಾಡಿ ಒಂದು ಕ್ಷಣ ಉಸಿರು ಕಟ್ಟುತ್ತದೆ. ವ್ಯಾಕ್ಯೂಮ್ ಸೆಕೆಂಡರಿ (ಗಾಳಿಯ ಎಳೆತಕ್ಕೆ ತಕ್ಕಂತೆ ತೆರೆಯುವ ಎರಡನೇ ಜೋಡಿ ಬಾಯಿ) ಇರುವ ಕಾರ್ಬ್ಯುರೇಟರ್ ಈ ತಪ್ಪನ್ನು ಸ್ವಲ್ಪ ಕ್ಷಮಿಸುತ್ತದೆ, ಪೆಡಲ್ ಒತ್ತಿದಂತೆ ತೆರೆಯುವ ಮೆಕ್ಯಾನಿಕಲ್ ಸೆಕೆಂಡರಿ ಕ್ಷಮಿಸುವುದೇ ಇಲ್ಲ.

ಗಾತ್ರಕ್ಕಿಂತ ಜೆಟ್, ಅಂದರೆ ಪೆಟ್ರೋಲ್ ಹರಿಯುವ ಅಳತೆಯ ತೂತು, ಮುಖ್ಯ. ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೆಸುಗೆ ಹಾಕಿಸಿ, ಪೂರ್ತಿ ಥ್ರಾಟಲ್‌ನಲ್ಲಿ ಗೇಜ್ ಒಂದು ಪಾಲು ಪೆಟ್ರೋಲಿಗೆ 12.5ರಿಂದ 12.8 ಪಾಲು ಗಾಳಿ ತೋರಿಸುವಂತೆ ಜೆಟ್ ಆರಿಸಿ. ಅಮೆರಿಕದ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ 10 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿಯಾದರೆ ಇದಕ್ಕೆ 14.1 ಸಾಕು. ಕಾರ್ಬ್ಯುರೇಟರಿಗೆ ಇದು ತಿಳಿಯದು, ಅದು ಹಳೆಯ ಅಳತೆಯಲ್ಲೇ ಹಾಕುತ್ತದೆ, ಮಿಶ್ರಣ ಬಡವಾಗುತ್ತದೆ. ಒಂದೆರಡು ನಂಬರ್ ದೊಡ್ಡ ಜೆಟ್ ಸಾಮಾನ್ಯವಾಗಿ ಸರಿಹೋಗುತ್ತದೆ. ಫ್ಯೂಯಲ್ ಪ್ರೆಶರ್ 5ರಿಂದ 6.5 ಪಿಎಸ್‌ಐ ಇರಲಿ. ಅದಕ್ಕಿಂತ ಹೆಚ್ಚಾದರೆ ನೀಡಲ್ ವಾಲ್ವ್ ತಡೆಯಲಾರದೆ ಬೌಲ್ (ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು) ಉಕ್ಕುತ್ತದೆ.

ಮೂರನೆಯದಾಗಿ, ಎಂಜಿನ್ ಮುಟ್ಟದೆ ವೇಗ ಕೊಡುವ ಭಾಗ: ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್, ಚಕ್ರ ತಿರುಗಿಸುವ ಗೇರ್ ಜೋಡಿ. ಎಪ್ಪತ್ತರ ಕೊನೆಯ ಕಮಾರೊಗಳಲ್ಲಿ 2.73 ಅನುಪಾತ ಸಾಮಾನ್ಯ. ಅದನ್ನು 3.73 ಮಾಡಿದರೆ ಚಕ್ರಕ್ಕೆ ಸಿಗುವ ಟಾರ್ಕ್ (ತಿರುಗಿಸುವ ಬಲ) ಎಲ್ಲ ಗೇರಿನಲ್ಲೂ 36-37 ಶೇಕಡಾ ಹೆಚ್ಚು. ಯಾವ ಕ್ಯಾಮ್ ತಾನೇ ಇಷ್ಟು ಕೊಟ್ಟೀತು? ಬೆಲೆ ಕಟ್ಟಬೇಕಾದ್ದು ಹೆದ್ದಾರಿಯಲ್ಲಿ. 26 ಇಂಚಿನ ಟೈರ್, ಗಂಟೆಗೆ 65 ಮೈಲಿ, ಮೂರು ಗೇರಿನ ಟಿಎಚ್350 ಗೇರ್‌ಬಾಕ್ಸ್ ಇದ್ದರೆ 2.73ರಲ್ಲಿ ಸುಮಾರು 2,300 ಆರ್‌ಪಿಎಂ, 3.73ರಲ್ಲಿ 3,130. ದಿನಾ ದೂರ ಓಡಿಸುವವರಿಗೆ 3.42 ಒಳ್ಳೆಯ ರಾಜಿ, ಅಲ್ಲಿ 2,870. ಓವರ್‌ಡ್ರೈವ್ ಇರುವ 700ಆರ್4 ಗೇರ್‌ಬಾಕ್ಸ್ ಹಾಕಿಸಿದರೆ ಅದರ 0.70 ಅನುಪಾತ 3.73ನ್ನೂ 2,200ಕ್ಕೆ ಇಳಿಸುತ್ತದೆ. 8.5 ಇಂಚಿನ 10-ಬೋಲ್ಟ್ ಆಕ್ಸಲ್ಲಿನಲ್ಲಿ 2.73ರಿಂದ ಮೇಲಿನ ಗೇರುಗಳು ಒಂದೇ ಕ್ಯಾರಿಯರಿಗೆ (ಕ್ರೌನ್ ಗೇರ್ ಹಿಡಿದಿಡುವ ಗೂಡು) ಕೂರುತ್ತವೆ. 2.56 ಇದ್ದ ಗಾಡಿಗೆ ಮಾತ್ರ ಕ್ಯಾರಿಯರ್ ಕೂಡ ಬದಲಿಸಬೇಕು. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) 0.006ರಿಂದ 0.010 ಇಂಚು. ಈ ಅಳತೆ ತಪ್ಪಿದ ಗೇರ್ ಮೊದಲ ದಿನದಿಂದಲೇ ಊಳಿಡುತ್ತದೆ. ಡಯಲ್ ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಸ್ಪೀಡೋಮೀಟರ್ ಗೇರ್ ಬದಲಿಸುವುದನ್ನೂ ಮರೆಯಬಾರದು.

ಸೈಲೆನ್ಸರ್ ವಿಷಯ ಬೇಗ ಮುಗಿಸಬಹುದು. ಒಂಟಿ ಪೈಪ್ ಬಿಟ್ಟು ಎರಡೂ ಕಡೆ 2.5 ಇಂಚಿನ ಪೈಪ್, ನಡುವೆ ಎಚ್ ಅಥವಾ ಎಕ್ಸ್ ಜೋಡಣೆ. 1 5/8 ಇಂಚಿನ ಪ್ರೈಮರಿ ಪೈಪ್ ಇರುವ ಹೆಡರ್ (ಪ್ರತಿ ಸಿಲಿಂಡರಿಗೂ ಬೇರೆ ಪೈಪ್ ಇರುವ ಹೊಗೆ ಜೋಡಣೆ) 350 ಅಶ್ವಶಕ್ತಿಯವರೆಗೆ ಸಾಕು, 1 3/4 ಬೇಡ. ತೆಳು ಫ್ಲಾಂಜ್‌ನ ಅಗ್ಗದ ಹೆಡರ್ ಬಿಸಿಗೆ ಬಾಗಿ ಗ್ಯಾಸ್ಕೆಟ್ ಊದುತ್ತದೆ, ಪ್ಲಗ್ ವೈರ್ ಸುಡುತ್ತದೆ, ಸ್ಟಾರ್ಟರ್ ಮೋಟರ್ ಬಿಸಿಯಾಗಿ ಕೈಕೊಡುತ್ತದೆ. ಆ ರಗಳೆ ಬೇಡವೆನ್ನುವವರು ಕಾರ್ವೆಟ್‌ನಲ್ಲಿ ಬರುತ್ತಿದ್ದ, ಟಗರಿನ ಕೊಂಬಿನಂತೆ ಬಾಗಿದ 2.5 ಇಂಚಿನ ಎರಕದ ಮ್ಯಾನಿಫೋಲ್ಡ್ ಹಾಕಿಸಿಕೊಳ್ಳಬಹುದು. ಕೆಲವು ಅಶ್ವಶಕ್ತಿ ಹೋದರೂ ನೆಮ್ಮದಿ ಉಳಿಯುತ್ತದೆ.

ಈಗ ಅಸಲು ವಿಷಯ, ಸಿಲಿಂಡರ್ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ, ವಾಲ್ವುಗಳಿರುವ ಭಾಗ. 350ಯ ಶಕ್ತಿ ಸಿಕ್ಕಿಬಿದ್ದಿರುವುದು ಅಲ್ಲಿ. ಎಪ್ಪತ್ತರ ದಶಕದ ಹೆಚ್ಚಿನ ಹೆಡ್‌ಗಳ ಕಂಬಶನ್ ಚೇಂಬರ್ 76 ಸಿಸಿ, ಪೋರ್ಟುಗಳಲ್ಲಿ ಗಾಳಿಯ ಹರಿವು ಮಂದ. 1996ರಿಂದ ಶೆವರ್ಲೆ ಟ್ರಕ್ಕುಗಳಲ್ಲಿ ಬಂದ ವೋರ್ಟೆಕ್ ಹೆಡ್‌ಗಳ ಚೇಂಬರ್ 64 ಸಿಸಿ, ಗಾಳಿಯ ಹರಿವು ಬಹಳ ಉತ್ತಮ. ಎರಕದ ನಂಬರಿನ ಕೊನೆಗೆ 906 ಅಥವಾ 062 ಇರುತ್ತದೆ. ಕಂಪ್ರೆಶನ್ ಮೇಲೆ ಇದರ ಪರಿಣಾಮ ನೋಡಿ. ಒಂದು ಸಿಲಿಂಡರ್ 716.6 ಸಿಸಿ. ಡಿಶ್ ಪಿಸ್ಟನ್ನಿನ ಗುಂಡಿ 12 ಸಿಸಿ, 0.041 ಇಂಚಿನ ಗ್ಯಾಸ್ಕೆಟ್ 8.9, ಪಿಸ್ಟನ್ ಡೆಕ್ಕಿಗಿಂತ (ಬ್ಲಾಕಿನ ಮೇಲ್ಮೈ) 0.025 ಇಂಚು ಕೆಳಗೆ ನಿಲ್ಲುವುದರಿಂದ 5.1 ಸಿಸಿ. ಇದಕ್ಕೆ 76 ಕೂಡಿಸಿದರೆ 102, ಅಂದರೆ ಕಂಪ್ರೆಶನ್ 8.0:1. ಅದೇ ಎಂಜಿನ್ನಿಗೆ 64 ಸಿಸಿ ಹೆಡ್ ಕೂರಿಸಿದರೆ ಒಟ್ಟು 90, ಕಂಪ್ರೆಶನ್ ಸುಮಾರು 9.0:1. ಪಿಸ್ಟನ್ ಚಪ್ಪಟೆಯಾಗಿದ್ದು ವಾಲ್ವ್ ಗುಂಡಿ ಬರೀ 6 ಸಿಸಿ ಇದ್ದರೆ 9.5:1. ಎರಕದ ಕಬ್ಬಿಣದ ಹೆಡ್ ಇರುವ ಬೀದಿ ಗಾಡಿಗೆ 91-93 ಆಕ್ಟೇನ್ ಪೆಟ್ರೋಲಿನಲ್ಲಿ ಇಷ್ಟೇ ಸರಿಯಾದ ಎತ್ತರ, 10 ದಾಟಿದರೆ ನಾಕಿಂಗ್ (ಮಿಶ್ರಣ ತಾನಾಗಿ ಹೊತ್ತಿ ಬಡಿಯುವುದು) ಶುರು. ಆ 91 ಅಮೆರಿಕದ ಲೆಕ್ಕ. ಭಾರತದ ಬಂಕಿನ ಆರ್‌ಒಎನ್ ಲೆಕ್ಕದಲ್ಲಿ ಅದು ಸುಮಾರು 95-96 ಆಗುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಇಂಟರ್‌ನೆಟ್ಟಿನ ಸಲಹೆ ಓದಿದವರು ಎಡವುತ್ತಾರೆ.

ವೋರ್ಟೆಕ್ ಕೊಳ್ಳುವವರು ನಾಲ್ಕು ಮಾತು ನೆನಪಿಡಬೇಕು. ಹಳೆಯ ಇಂಟೇಕ್ ಮ್ಯಾನಿಫೋಲ್ಡ್ ಇದಕ್ಕೆ ಕೂರುವುದಿಲ್ಲ. ಹಳೆಯದಕ್ಕೆ ಪಕ್ಕಕ್ಕೆ ಆರು ಬೋಲ್ಟ್, ಇದಕ್ಕೆ ನಾಲ್ಕು, ಕೋನವೂ ಬೇರೆ. ವೋರ್ಟೆಕ್‌ಗೆಂದೇ ಮಾಡಿದ ಡ್ಯುಯಲ್-ಪ್ಲೇನ್ ಇಂಟೇಕ್ ತೆಗೆದುಕೊಳ್ಳಿ. ಸಿಂಗಲ್-ಪ್ಲೇನ್ 6,000 ಆರ್‌ಪಿಎಂ ಮೇಲೆ ಬದುಕುವ ಎಂಜಿನ್ನಿಗೆ. ರಾಕರ್‌ಗಳು (ವಾಲ್ವ್ ಒತ್ತುವ ತೋಳುಗಳು) ಸ್ವಯಂ ಹೊಂದಿಕೊಳ್ಳುವ ಬಗೆಯವು, ಅವುಗಳ ಜೊತೆ ಗೈಡ್ ಪ್ಲೇಟ್ ಸೇರಿಸಿದರೆ ಎರಡೂ ಜಗಳವಾಡಿ ವಾಲ್ವ್ ತುದಿ ತಿನ್ನುತ್ತವೆ. ಕಾರ್ಖಾನೆ ರೂಪದಲ್ಲಿ ವಾಲ್ವ್ ಲಿಫ್ಟ್ 0.460 ಇಂಚಿನ ಆಸುಪಾಸು ತಲುಪಿದರೆ ವಾಲ್ವ್ ಸ್ಪ್ರಿಂಗ್ ಹಿಡಿದಿರುವ ರಿಟೇನರ್ ಹೋಗಿ ಸೀಲಿಗೆ ಬಡಿಯುತ್ತದೆ. ನಡುವೆ ಕನಿಷ್ಠ 0.050 ಇಂಚು ಜಾಗ ಉಳಿಯಲಿ, ಇಲ್ಲವೇ ಗೈಡ್ ಕೆತ್ತಿಸಿ. ಹೆಡ್ ಹಳೆಯದಾಗಿದ್ದರೆ ವಾಲ್ವ್ ಸೀಟುಗಳ ನಡುವೆ ಬಿರುಕಿದೆಯೇ ಎಂದು ಮ್ಯಾಗ್ನಾಫ್ಲಕ್ಸ್ (ಕಾಂತದಿಂದ ಬಿರುಕು ಹುಡುಕುವ ಪರೀಕ್ಷೆ) ಮಾಡಿಸದೆ ದುಡ್ಡು ಕೊಡಬೇಡಿ. ಇವು ಒಮ್ಮೆ ಅತಿಯಾಗಿ ಬಿಸಿಯೇರಿದರೆ ಸೀಳಬಹುದು. ಇನ್ನೊಂದು ಸಂಗತಿ: ಈ ಹೆಡ್ಡಿನಲ್ಲಿ ಮಿಶ್ರಣ ಬೇಗ ಉರಿಯುವುದರಿಂದ ಒಟ್ಟು ಟೈಮಿಂಗ್ 32-34 ಡಿಗ್ರಿ ಸಾಕು, ಹಳೆಯ 36 ಇಟ್ಟರೆ ಪ್ರಯೋಜನವಿಲ್ಲ.

ಕ್ಯಾಮ್ ಆರಿಸುವುದು ಹೆಡ್ ಮತ್ತು ಗೇರ್ ತೀರ್ಮಾನವಾದ ಮೇಲೆ. ದೊಡ್ಡ ಕ್ಯಾಮ್ ಇಂಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೇರುವಾಗ ಒಳಗೆ ಬಂದ ಗಾಳಿ ವಾಪಸ್ ಹೊರಗೆ ಹೋಗುತ್ತದೆ. 8:1 ಎಂಜಿನ್ನಿಗೆ ಮೊದಲೇ ಹಿಡಿತ ಕಡಿಮೆ, ಅದಕ್ಕೆ ವಾಲ್ವನ್ನು 240 ಡಿಗ್ರಿ ತೆರೆದಿಡುವ ಕ್ಯಾಮ್ ಹಾಕಿದರೆ 3,000 ಆರ್‌ಪಿಎಂ ಕೆಳಗೆ ಸತ್ತಂತೆಯೇ. ಐಡ್ಲಿಂಗ್‌ನಲ್ಲಿ ಗುಡುಗುಡು ಸದ್ದು ಕೇಳಲು ಮಜ, ಅಷ್ಟೆ. ವ್ಯಾಕ್ಯೂಮ್ 10-12 ಇಂಚಿಗೆ ಬಿದ್ದು ಪವರ್ ಬ್ರೇಕ್ ಕಲ್ಲಾಗುವುದು ಇನ್ನೊಂದು ಅಪಾಯ. 9-9.5:1 ಕಂಪ್ರೆಶನ್, 3.42 ಅಥವಾ 3.73 ಗೇರ್ ಇರುವ ಗಾಡಿಗೆ 0.050 ಇಂಚು ಲಿಫ್ಟ್‌ನಲ್ಲಿ 212-216 ಡಿಗ್ರಿ ಇಂಟೇಕ್, 222-224 ಎಕ್ಸಾಸ್ಟ್, 112 ಡಿಗ್ರಿ ಲೋಬ್ ಸೆಪರೇಷನ್ (ಇಂಟೇಕ್, ಎಕ್ಸಾಸ್ಟ್ ಲೋಬ್ ಅಂದರೆ ಕ್ಯಾಮಿನ ಉಬ್ಬುಗಳ ನಡುವಿನ ಕೋನ) ಸಾಕು. ಶೆವರ್ಲೆಯೇ ಬಿಡಿಯಾಗಿ ಪೆಟ್ಟಿಗೆಯಲ್ಲಿಟ್ಟು (ಕ್ರೇಟ್ ಎಂಜಿನ್) ಮಾರಿದ 350 ಎಚ್‌ಒ ಇದಕ್ಕೆ ಒಳ್ಳೆಯ ಮಾದರಿ. ವೋರ್ಟೆಕ್ ಹೆಡ್, 9.1:1 ಕಂಪ್ರೆಶನ್, 212/222 ಕ್ಯಾಮ್, 330 ಅಶ್ವಶಕ್ತಿ, 380 ಪೌಂಡ್-ಅಡಿ ಟಾರ್ಕ್. ಕಾರ್ಖಾನೆಯ ಎಂಜಿನಿಯರುಗಳು ಇಷ್ಟಕ್ಕೇ ನಿಂತದ್ದು ಅವರಿಗೆ ಬೇರೆ ಕ್ಯಾಮ್ ಗೊತ್ತಿಲ್ಲದೆ ಅಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಟಾರ್ಕ್ ಕನ್ವರ್ಟರ್ 2,200ರಿಂದ 2,400 ಆರ್‌ಪಿಎಂ ಸ್ಟಾಲ್ (ಬ್ರೇಕ್ ಹಿಡಿದಾಗ ಎಂಜಿನ್ ಏರಬಲ್ಲ ವೇಗ) ಇರಲಿ.

ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್ ಎತ್ತುವ ಟ್ಯಾಪೆಟ್ ರೋಲರ್ ಇಲ್ಲದೆ ಕ್ಯಾಮಿನ ಮೇಲೆ ಜಾರುವ ಬಗೆ) ಹಾಕುವವರಿಗೆ ಒಂದು ಎಚ್ಚರಿಕೆ. ಹೊಸ ಕ್ಯಾಮ್ ಮೊದಲ ಅರ್ಧ ಗಂಟೆಯಲ್ಲೇ ಹಾಳಾಗುವುದುಂಟು. ಲೋಬ್ ಸ್ವಲ್ಪ ಇಳಿಜಾರು, ಟ್ಯಾಪೆಟ್ ಮುಖ ಸ್ವಲ್ಪ ಉಬ್ಬು. ಹಾಗಿದ್ದರೇ ಟ್ಯಾಪೆಟ್ ತನ್ನ ಗೂಡಿನಲ್ಲಿ ತಿರುಗುತ್ತದೆ, ತಿರುಗದಿದ್ದರೆ ಲೋಬನ್ನೇ ಅರೆದು ತಿನ್ನುತ್ತದೆ. ಹಳೆಯ ಟ್ಯಾಪೆಟ್ಟನ್ನು ಹೊಸ ಕ್ಯಾಮಿಗೆ ಎಂದೂ ಹಾಕಬೇಡಿ. ಜೋಡಿಸುವಾಗ ಲೋಬಿಗೆ ಮಾಲಿಬ್ಡಿನಮ್ ಪೇಸ್ಟ್ ಬಳಿಯಿರಿ, ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ ಮೊದಲೇ ಪ್ರೆಶರ್ ಏರಿಸಿಟ್ಟುಕೊಳ್ಳಿ. ಟೈಮಿಂಗ್ ಅಂದಾಜಿಗೆ ಕೂಡಿಸಿ, ಕಾರ್ಬ್ಯುರೇಟರ್ ಬೌಲ್ ತುಂಬಿಸಿ, ಕೀ ತಿರುವಿದ ಕೂಡಲೇ ಹತ್ತಬೇಕು. ಹತ್ತಿದ ಮರುಕ್ಷಣ 2,000ಕ್ಕೆ ಏರಿಸಿ, 2,000-2,500 ನಡುವೆ ಹೆಚ್ಚು ಕಡಿಮೆ ಮಾಡುತ್ತ 20ರಿಂದ 30 ನಿಮಿಷ ಓಡಿಸಿ. ಐಡ್ಲಿಂಗ್‌ಗೆ ಬಿಡಲೇಬಾರದು, ಯಾಕೆಂದರೆ ಕ್ಯಾಮಿನ ಲೋಬಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚಿದಾಗ. ಜೋಡಿ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ಆ ಅರ್ಧ ಗಂಟೆ ತೆಗೆದಿಡಿ. ಈಗಿನ ಕಾರುಗಳ 5ಡಬ್ಲ್ಯು-30 ಆಯಿಲ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಸತು-ರಂಜಕದ ಅಂಶ ಇಳಿಸಿದ್ದಾರೆ, ರಂಜಕ 800 ಪಿಪಿಎಂ ಒಳಗೆ. ಫ್ಲಾಟ್ ಟ್ಯಾಪೆಟ್ಟಿಗೆ ಅದು ಸಾಲದು. ಸತು 1,200 ಪಿಪಿಎಂ ಮೇಲಿರುವ ಬ್ರೇಕ್-ಇನ್ ಆಯಿಲ್ ಕೊಳ್ಳಿ. ಬಜೆಟ್ ಇದ್ದವರು ಹೈಡ್ರಾಲಿಕ್ ರೋಲರ್ ಕ್ಯಾಮಿಗೆ ಹೋದರೆ ಈ ತಲೆನೋವು ಯಾವುದೂ ಇಲ್ಲ.

ಹೈ-ವಾಲ್ಯೂಮ್ ಆಯಿಲ್ ಪಂಪ್ ಬೇಡ. ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಬಂದರೆ ಸಾಕು, ಅದಕ್ಕಿಂತ ಹೆಚ್ಚಿನದು ಡಿಸ್ಟ್ರಿಬ್ಯೂಟರ್ ಗೇರಿನ ಮೇಲೆ ಹೊರೆ. ಕಾರ್ಖಾನೆಯ ಎರಕದ ಪಿಸ್ಟನ್ನಿನ ಮೇಲೆ ನೈಟ್ರಸ್ (ಶಕ್ತಿ ಹೆಚ್ಚಿಸಲು ಎಂಜಿನ್ನಿಗೆ ಬಿಡುವ ಅನಿಲ) ಕೂಡ ಬೇಡ. ಎಂಜಿನ್ ಹೇಗೂ ರಿಬೋರಿಗೆ ಬಿಚ್ಚಿದೆ ಎಂದಾದರೆ ಮಾತ್ರ 383 ಸ್ಟ್ರೋಕರ್ (ಸ್ಟ್ರೋಕ್ ಹೆಚ್ಚಿಸಿ 383 ಘನ ಇಂಚಾಗಿಸಿದ ಎಂಜಿನ್) ಯೋಚಿಸಿ: 0.030 ಇಂಚು ಹೆಚ್ಚಿನ ಬೋರ್, 3.75 ಇಂಚಿನ ಕ್ರ್ಯಾಂಕ್. ಆಗ ಕ್ರ್ಯಾಂಕಿನ ಹೆಚ್ಚುವರಿ ಖರ್ಚಿಗೆ ಸಿಗುವ ಟಾರ್ಕ್ ನಿಜಕ್ಕೂ ಲಾಭ. ರಾಡ್ ಬೋಲ್ಟುಗಳಿಗೆ ಜಾಗ ಮಾಡಲು ಬ್ಲಾಕಿನ ಕೆಳ ಅಂಚನ್ನು ಸ್ವಲ್ಪ ಅರೆಯಬೇಕಾಗುತ್ತದೆ.

ಬ್ಲಾಕ್ ಬಿಚ್ಚಿದಾಗ ನಿಮ್ಮ ಲೇಖನ ಹೇಳದೆ ಬಿಟ್ಟ ಇನ್ನೊಂದು ಸಂಗತಿ ಎದುರಾಗುತ್ತದೆ. ಪ್ರಯಾಣಿಕರ ಬದಿಯ ಹೆಡ್ಡಿನ ಮುಂದೆ, ಬ್ಲಾಕಿನ ಡೆಕ್ಕಿನ ಮೇಲೆಯೇ ಎಂಜಿನ್ ನಂಬರ್ ಒತ್ತಿರುತ್ತದೆ. ಡೆಕ್ ಸಮ ಮಾಡುವ ಮೆಷಿನ್ ಆ ನಂಬರನ್ನು ಒರೆಸಿ ಹಾಕುತ್ತದೆ. ಮೂಲ ಎಂಜಿನ್ ಎಂದು ತೋರಿಸುವ ಗುರುತು ಹೋದರೆ ಅಪರೂಪದ ಮಾಡೆಲ್‌ಗಳ ಬೆಲೆ ಜೋರಾಗಿ ಬೀಳುತ್ತದೆ. ಆ ಜಾಗ ಬಿಟ್ಟು ಕೆತ್ತುವಂತೆ ಮೊದಲೇ ಬರೆದು ಕೊಡಿ. ಅದಕ್ಕಿಂತಲೂ ಮೂಲ ಎಂಜಿನ್ನನ್ನು ಮೂಲೆಯಲ್ಲಿ ಜೋಪಾನವಾಗಿಟ್ಟು ಬೇರೊಂದು 350 ತಂದು ಅದರ ಮೇಲೆ ಪ್ರಯೋಗ ಮಾಡುವುದು ಬುದ್ಧಿವಂತಿಕೆ.

ಕಾನೂನು ಊರೂರಿಗೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಸ್ಮಾಗ್ ಪರೀಕ್ಷೆಯಿಂದ ವಿನಾಯಿತಿ ಇದೆ. 1976ರ ಕಮಾರೊ ಕೊಂಡವರು ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವಂತಿಲ್ಲ, ಇಂಟೇಕ್, ಹೆಡರ್ ಇಂಥವುಗಳಿಗೆ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. ಒಂದೇ ವರ್ಷದ ವ್ಯತ್ಯಾಸದ ಎರಡು ಗಾಡಿಗಳ ನಡುವೆ ಆರಿಸುವಾಗ ಇದು ಬೆಲೆಗಿಂತ ದೊಡ್ಡ ವಿಷಯ. ಇಲ್ಲಿ ಕರ್ನಾಟಕದಲ್ಲಿ ಹಳೆಯ ಅಮೆರಿಕನ್ ಗಾಡಿ ಇಟ್ಟುಕೊಂಡಿರುವ ಕೆಲವರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ, ಅನುಮತಿ ಇಲ್ಲದೆ ಮಾರ್ಪಾಡು ಕೂಡದು. 50 ವರ್ಷ ದಾಟಿದ ವಾಹನಗಳಿಗೆ 2021ರ ನಿಯಮದಡಿ ಸಿಗುವ 'ವಿಎ' ವಿಂಟೇಜ್ ನೋಂದಣಿಗೆ ಎಂಜಿನ್, ಚಾಸಿ, ಬಾಡಿ ಮೂಲ ರೂಪದಲ್ಲಿರಬೇಕು. ಹೆಡ್ ಬದಲಿಸಿ ಆಮೇಲೆ ಆರ್‌ಟಿಒಗೆ ಹೋದರೆ ತೊಡಕು. ಜೊತೆಗೆ ಇಲ್ಲೀಗ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಐವತ್ತು ವರ್ಷದ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್ ಇದನ್ನು ತಾಳುವುದಿಲ್ಲ. ಎಥನಾಲ್ ತಡೆಯುವ ಹೋಸ್ ಹಾಕಿಸಿ, ಜೆಟ್ ಇನ್ನಷ್ಟು ದೊಡ್ಡದು ಮಾಡಿಸದೆ ಈ ಗಾಡಿಗಳನ್ನು ರಸ್ತೆಗಿಳಿಸಬಾರದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಜಿನುಗಿದರೆ ಬೆಂಕಿ.

ನಿಮ್ಮಲ್ಲಿ ಕೋರಿಕೆ ಇಷ್ಟೇ: ಚೌಕಟ್ಟಿನಲ್ಲಿದ್ದ '850 ಸಿಎಫ್‌ಎಂ' ಎಂಬುದನ್ನು '600ರಿಂದ 650' ಎಂದು ತಿದ್ದಿ, ಟೈಮಿಂಗ್ ಮತ್ತು ಗೇರ್ ಅನುಪಾತದ ಎರಡು ಸಾಲು ಸೇರಿಸಿ ಮುಂದಿನ ಪುರವಣಿಯಲ್ಲಿ ಮತ್ತೆ ಪ್ರಕಟಿಸಬೇಕು.

ಇಂತಿ,
ವಾಹನ ಪುರವಣಿಯ ಓದುಗ, ಬೆಂಗಳೂರು